ಸೋತವರನ್ನು ಮನೆಗೆ ಕಳಿಸದ ಟೂರ್ನಮೆಂಟ್: ಹುಬ್ಬಳ್ಳಿಯಿಂದ ಹೊರಟ ಒಂದು ಬೇಸಿಗೆ

[ದೃಶ್ಯ: ರಾತ್ರಿ, ಹುಬ್ಬಳ್ಳಿ ರೈಲು ನಿಲ್ದಾಣ. ಬೆನ್ನಿಗೆ ಬ್ಯಾಗ್, ಕೈಯಲ್ಲಿ ಮಾವಿನಹಣ್ಣಿನ ಬಾಕ್ಸ್.]

ಎಲ್ಲರಿಗೂ ನಮಸ್ಕಾರ. ನಾನೀಗ ನಿಂತಿರುವುದು ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ. ಇಲ್ಲಿನ ಒಂದು ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ ಇದೆ. ಜಗತ್ತಿನಲ್ಲೇ ಅತಿ ಉದ್ದದ್ದು ಅದು. ಈ ಬೇಸಿಗೆ ರಜೆಯಲ್ಲಿ ಈ ನಿಲ್ದಾಣ ನನಗೆ ಮನೆಯ ಪಡಸಾಲೆಯಷ್ಟೇ ಪರಿಚಯ ಆಗಿಬಿಟ್ಟಿತು. ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ನೀರಿನ ಬಾಟಲಿ, ಮತ್ತೆ ಅಂಗೈಯಗಲದ ಒಂದು ಡಬ್ಬಿ. ಡಬ್ಬಿಯಲ್ಲಿ 75 ಕಾರ್ಡು. ಆ 75 ಕಾರ್ಡಿಗಾಗಿಯೇ ಬೆಂಗಳೂರು, ಮುಂಬೈ, ಪುಣೆ ಅಂತ ಓಡಾಡಿದೆ.

ಮೊದಲ ಸಲ ಹೊರಟಾಗ ಅಜ್ಜ ಕಟ್ಟೆಯ ಮೇಲೆ ಕೂತಿದ್ದರು. "ಇಸ್ಪೀಟ್ ಆಡಾಕ ಬೆಂಗಳೂರ ತನಕ ಹೋಗ್ಬೇಕೇನಪಾ?" ಅಂತ ಕೇಳಿದರು. ಕಾರ್ಡ್ ಅಂದ ಕೂಡಲೇ ನಮ್ಮ ಕಡೆ ಮೊದಲು ನೆನಪಾಗುವುದು ಇಸ್ಪೀಟೇ ಅಲ್ವಾ. ಹಾಗಾಗಿ ಅಜ್ಜನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

[ದೃಶ್ಯ: ಮೇಜಿನ ಮೇಲೆ ಒಂದು ಕಡೆ ಇಸ್ಪೀಟಿನ ಎಲೆಗಳು, ಇನ್ನೊಂದು ಕಡೆ ಚಿತ್ರವಿರುವ ಕಾರ್ಡುಗಳು.]

ಇಸ್ಪೀಟಿನಲ್ಲಿ 52 ಎಲೆ. ಆಡುವವರೆಲ್ಲ ಅದೇ ಕಟ್ಟಿನಿಂದ ಹಂಚಿಕೊಳ್ಳಬೇಕು. ನಾನು ಆಡುವುದು ಮ್ಯಾಜಿಕ್: ದಿ ಗ್ಯಾದರಿಂಗ್. ಇದರಲ್ಲಿ ಪ್ರತಿಯೊಬ್ಬರೂ ತಮ್ಮದೇ ಕಟ್ಟನ್ನು ಮನೆಯಿಂದ ಕಟ್ಟಿಕೊಂಡು ಬರುತ್ತಾರೆ. ಅದಕ್ಕೆ ಡೆಕ್ ಅನ್ನುತ್ತೇವೆ. ಕನಿಷ್ಠ 60 ಕಾರ್ಡು ಇರಬೇಕು. ಬೇಸಿಕ್ ಲ್ಯಾಂಡ್ ಅನ್ನುವ ಸಾದಾ ಕಾರ್ಡು ಬಿಟ್ಟರೆ, ಒಂದೇ ಕಾರ್ಡಿನ ನಾಲ್ಕಕ್ಕಿಂತ ಜಾಸ್ತಿ ಪ್ರತಿ ಇಡುವ ಹಾಗಿಲ್ಲ. ಇಬ್ಬರಿಗೂ 20 ಜೀವ. ಎದುರಾಳಿಯ 20ನ್ನು ಸೊನ್ನೆಗೆ ಇಳಿಸಿದರೆ ಗೆದ್ದ ಹಾಗೆ. ಉಳಿದ 15 ಕಾರ್ಡು ಸೈಡ್‌ಬೋರ್ಡ್. ಮೂರು ಆಟದಲ್ಲಿ ಎರಡು ಗೆದ್ದವರಿಗೆ ಪಂದ್ಯ. ಒಂದು ಆಟ ಮುಗಿದ ಮೇಲೆ, ಎದುರಿನವರ ಡೆಕ್ ನೋಡಿಕೊಂಡು, ನಮ್ಮದರಲ್ಲಿ ಬದಲಾವಣೆ ಮಾಡಿಕೊಳ್ಳಲು.

ನಾವು ಹಣ ಕಟ್ಟಿ ಆಡುವುದಿಲ್ಲ. ಇದನ್ನು ಅಜ್ಜನಿಗೆ ಎರಡು ಸಲ ಹೇಳಿದೆ. 1993ರಲ್ಲಿ ಈ ಆಟ ಬಂದಾಗ ಆ್ಯಂಟೆ ಅಂತ ಒಂದು ನಿಯಮ ಇತ್ತು, ಗೆದ್ದವರು ಸೋತವರ ಒಂದು ಕಾರ್ಡನ್ನೇ ಇಟ್ಟುಕೊಳ್ಳಬಹುದಿತ್ತು. ಅದು ಯಾವತ್ತೋ ಬಿದ್ದುಹೋಯಿತು. ಆ ಬಗೆಯ ಕಾರ್ಡುಗಳಿಗೆ ಇವತ್ತು ಟೂರ್ನಮೆಂಟ್‌ಗಳಲ್ಲಿ ಜಾಗವೇ ಇಲ್ಲ.

ಈ ಆಟ ಮಾಡಿದವರು ರಿಚರ್ಡ್ ಗಾರ್ಫೀಲ್ಡ್, ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಅವರು ಬೇರೊಂದು ಆಟ ಮಾರಲು ಹೋಗಿದ್ದಾಗ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯವರು ಕೇಳಿದ್ದು ಇಷ್ಟೇ: ಜೇಬಿನಲ್ಲಿ ಹಿಡಿಯುವಂಥದ್ದು, ಬೇಗ ಮುಗಿಯುವಂಥದ್ದು, ಆಟಗಳ ಸಮಾವೇಶದಲ್ಲಿ ಜನ ಸುಮ್ನೆ ಕಾಯುತ್ತಾ ಕೂತಿರುವಾಗ ಆಡುವಂಥದ್ದು ಬೇಕು. ಕಾಯುವ ಹೊತ್ತಿಗಾಗಿ ಹುಟ್ಟಿದ ಆಟ ಇದು. ರೈಲಿನ ಕೆಳಗಿನ ಬರ್ತ್ ಮೇಲೆ ಟವೆಲ್ ಹಾಸಿ ಗೆಳೆಯನ ಜೊತೆ ಪ್ರಾಕ್ಟೀಸ್ ಮಾಡುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

[ದೃಶ್ಯ: ಟವೆಲ್ ಮೇಲೆ ಏಳು ಕಾರ್ಡು, ಒಂದೊಂದಾಗಿ ತಿರುಗುತ್ತವೆ.]

ಡೆಕ್‌ನಲ್ಲಿ ಲ್ಯಾಂಡ್ ಅಂತ ಕಾರ್ಡುಗಳಿವೆ. ಹೊಲ ಅಂದುಕೊಳ್ಳಿ. ಹೊಲ ಕೊಡುವ ಬಲಕ್ಕೆ ಮನಾ ಅನ್ನುತ್ತಾರೆ, ಅದನ್ನು ಖರ್ಚು ಮಾಡಿಯೇ ಉಳಿದ ಕಾರ್ಡು ಆಡಬೇಕು. ಒಂದು ಸರದಿಗೆ ಒಂದೇ ಲ್ಯಾಂಡ್ ಇಳಿಸಬಹುದು. ಹೊಲ ಕಡಿಮೆ ಬಂದರೆ ಕೈಯಲ್ಲಿ ಒಳ್ಳೆಯ ಕಾರ್ಡಿದ್ದೂ ಆಡಲಾಗದು. ಬರೀ ಹೊಲವೇ ಬಂದರೆ ಬಿತ್ತಲು ಬೀಜವೇ ಇಲ್ಲ. ನನ್ನ ಡೆಕ್‌ನಲ್ಲಿ 60ಕ್ಕೆ 24 ಲ್ಯಾಂಡ್. ಶುರುವಿಗೆ ಕೈಗೆ ಬರುವ ಏಳು ಕಾರ್ಡಿನಲ್ಲಿ ಸರಾಸರಿ 2.8 ಲ್ಯಾಂಡ್ ಸಿಗುತ್ತವೆ. ಇನ್ನೊಂದು ಲೆಕ್ಕ: ನಾಲ್ಕು ಪ್ರತಿ ಇಟ್ಟ ಕಾರ್ಡು ಆ ಮೊದಲ ಏಳರಲ್ಲಿ ಒಂದಾದರೂ ಕಾಣುವುದು 100ಕ್ಕೆ ಸುಮಾರು 40 ಸಲ ಮಾತ್ರ. ನಾಲ್ಕು ಇಟ್ಟೆ, ಬಂದೇ ಬರುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಡೆಕ್ ಕಟ್ಟುವ ಕಷ್ಟವೂ ಖುಷಿಯೂ ಇದರಲ್ಲೇ ಇದೆ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ.

[ದೃಶ್ಯ: ಮಣ್ಣಿನ ಅಖಾಡ, ಜಾತ್ರೆಯ ಕುಸ್ತಿ.]

ನಮ್ಮ ಧಾರವಾಡ ಸೀಮೆ ಕುಸ್ತಿಯ ನಾಡು. ಜಾತ್ರೆಯ ಅಖಾಡದಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಅವತ್ತಿನ ಕಥೆ ಮುಗಿಯಿತು. ನಾಕೌಟ್ ಟೂರ್ನಮೆಂಟ್ ಕೂಡ ಹಾಗೇ. ಈಗ ಯೋಚಿಸಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ 400 ಕಿಲೋಮೀಟರಿಗೂ ಜಾಸ್ತಿ. ರಾತ್ರಿಯೆಲ್ಲ ರೈಲು. ಬೆಳಿಗ್ಗೆ ಮುಖ ತೊಳೆದು ಟೂರ್ನಮೆಂಟ್ ನಡೆಯುವ ಅಂಗಡಿ ಹುಡುಕಿಕೊಂಡು ಹೋಗಿ ಕೂತರೆ, ಅರ್ಧ ಗಂಟೆಯಲ್ಲಿ ಸೋತು ಹೊರಗೆ. ಯಾರು ಹೋಗುತ್ತಾರೆ ಹೇಳಿ?

ಕಾರ್ಡ್ ಟೂರ್ನಮೆಂಟ್‌ಗಳಲ್ಲಿ ಹಾಗಾಗುವುದಿಲ್ಲ. ಅಲ್ಲಿ ನಡೆಯುವುದು ಸ್ವಿಸ್ ಪದ್ಧತಿ. 1895ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಚೆಸ್ ಟೂರ್ನಮೆಂಟ್‌ನಲ್ಲಿ ಮೊದಲು ಬಳಸಿದ್ದು, ಅದಕ್ಕೇ ಆ ಹೆಸರು. ನಿಯಮ ಸರಳ. ಯಾರನ್ನೂ ಹೊರಗೆ ಹಾಕುವುದಿಲ್ಲ. ಗೆದ್ದರೆ 3 ಅಂಕ, ಡ್ರಾ ಆದರೆ 1, ಸೋತರೆ 0. ಪ್ರತಿ ರೌಂಡಿನಲ್ಲೂ ಆದಷ್ಟು ನಮ್ಮಷ್ಟೇ ಅಂಕ ಇರುವವರ ಜೊತೆ ಜೋಡಿ ಹಾಕುತ್ತಾರೆ. ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು. ದಿನ ಹೋದಂತೆ ನಮ್ಮ ಮಟ್ಟದವರೇ ನಮ್ಮ ಮುಂದೆ ಬಂದು ಕೂರುತ್ತಾರೆ.

ಎಷ್ಟು ರೌಂಡು? 32 ಜನ ಇದ್ದರೆ 5 ಸಾಕು. ಒಂದೂ ಸೋಲದವರು ಮೊದಲ ರೌಂಡಿನ ನಂತರ 16 ಜನ, ಆಮೇಲೆ 8, 4, 2, ಕೊನೆಗೆ 1. ಡ್ರಾ ಆಗದಿದ್ದರೆ ಐದು ರೌಂಡು ಮುಗಿದಾಗ ಐದೂ ಗೆದ್ದವರು 1, ನಾಲ್ಕು ಗೆದ್ದವರು 5, ಮೂರು ಗೆದ್ದವರು 10, ಎರಡು ಗೆದ್ದವರು 10, ಒಂದು ಗೆದ್ದವರು 5, ಒಂದೂ ಗೆಲ್ಲದವರು 1. ಈ ಸಂಖ್ಯೆಗಳನ್ನು ಎಲ್ಲೋ ನೋಡಿದ್ದೀರಿ ಅಲ್ವಾ? ಪಾಸ್ಕಲ್ ತ್ರಿಕೋನದ ಸಾಲು ಇದು. ಕಾಲೇಜಿನ ಗಣಿತ ಹೀಗೆ ಎದುರಿಗೆ ಬಂದು ನಿಂತಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

[ದೃಶ್ಯ: ಯಾರ ಎದುರು ಯಾರು ಅಂತ ಬರೆದು ಗೋಡೆಗೆ ಅಂಟಿಸಿದ ಪೇರಿಂಗ್ ಹಾಳೆ. ಬೆರಳು ಒಂದು ಸಾಲಿನ ಮೇಲೆ.]

ಬೆಂಗಳೂರಿನ ಆ ಭಾನುವಾರ ನಾವು ಸರಿಯಾಗಿ 32 ಜನ ಇದ್ದೆವು. ಮೊದಲ ರೌಂಡಿನಲ್ಲೇ ಸೋತೆ. ಸೋಲಿಸಿದವಳು ಕಾಲೇಜು ಹುಡುಗಿ, ಕೈಯಲ್ಲಿ ಏನೂ ಬರೆದುಕೊಳ್ಳದೆ ನನ್ನ ಡೆಕ್‌ನಲ್ಲಿ ಏನೇನಿದೆ ಅಂತ ಎರಡನೇ ಆಟದ ಹೊತ್ತಿಗೆ ಹೇಳಿಬಿಡುವಷ್ಟು ಚುರುಕು. ಆಮೇಲೆ ಎರಡು ಗೆದ್ದೆ, ಒಂದು ಸೋತೆ, ಕೊನೆಯದು ಗೆದ್ದೆ. ಮೂರು ಗೆಲುವು, 9 ಅಂಕ. ಮೊದಲ 8 ಜನರಿಗೆ ಮುಂದಿನ ಸುತ್ತು. ಆರು ಜಾಗ ಮೇಲಿನವರಿಗೆ ಹೋಯಿತು, ಉಳಿದ ಎರಡು ಜಾಗಕ್ಕೆ 9 ಅಂಕದ ನಾವು 10 ಜನ.

ಇಲ್ಲಿ ಬರುತ್ತದೆ ಟೈ-ಬ್ರೇಕರ್. ನಾವು ಆಡಿದ ಐದೂ ಎದುರಾಳಿಗಳು ಇಡೀ ದಿನ ಶೇಕಡಾ ಎಷ್ಟು ಗೆದ್ದರು ಅಂತ ನೋಡಿ ಸರಾಸರಿ ತೆಗೆಯುತ್ತಾರೆ. ತೀರಾ ಕಡಿಮೆ ಗೆದ್ದವರಿದ್ದರೂ 33ಕ್ಕಿಂತ ಕೆಳಗೆ ಲೆಕ್ಕ ಹಿಡಿಯುವುದಿಲ್ಲ. ಗಟ್ಟಿ ಆಟಗಾರರ ಎದುರು ಆಡಿದವರಿಗೆ ಅನ್ಯಾಯ ಆಗಬಾರದು ಅನ್ನುವುದು ಇದರ ಉದ್ದೇಶ. ಇದರ ಅರ್ಥ ಏನು ಗೊತ್ತಾ? ನಮ್ಮನ್ನು ಸೋಲಿಸಿದವರು ದಿನವಿಡೀ ಗೆಲ್ಲುತ್ತಲೇ ಇರಲಿ ಅಂತ ನಾವು ಬಯಸಬೇಕು!

ನನ್ನ ಕೊನೆಯ ಪಂದ್ಯ ಬೇಗ ಮುಗಿದಿತ್ತು. ಆ ಹುಡುಗಿ ಮೂರನೇ ಆಟದಲ್ಲಿದ್ದಳು. ನೋಡುವವರು ಮಾತಾಡುವ ಹಾಗಿಲ್ಲ, ಹಿಂದೆ ಕೈ ಕಟ್ಟಿ ನಿಂತೆ. ರೌಂಡಿನ 50 ನಿಮಿಷ ಮುಗಿಯಿತು. ಸಮಯ ಆದ ಮೇಲೆ ಐದು ಸರದಿ ಮಾತ್ರ ಕೊಡುತ್ತಾರೆ. ಅವಳ ಜೀವ 4 ಇತ್ತು. ನಾಲ್ಕನೇ ಸರದಿಯಲ್ಲಿ ಎದುರಿನವನು ಒಂದು ಕಾರ್ಡನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಅವಳು ಅದನ್ನು ಎತ್ತಿ ಓದಿದಳು, ವಾಪಸ್ ಇಟ್ಟಳು, ಕೈ ಚಾಚಿದಳು. ಸೋಲು. ಅವಳು ಗೆದ್ದಿದ್ದರೆ ನನ್ನ ಸರಾಸರಿ 56 ಆಗುತ್ತಿತ್ತು. ಆಗಿದ್ದು 52. ಎಂಟನೆಯವನದು 54.6. ನಾನು ಒಂಬತ್ತನೆಯವನು.

ಅವಳು ಎದ್ದು ಬಂದು ಮೊದಲು ಹೇಳಿದ್ದು, "ಸಾರಿ, ನಿಮ್ಮ ಟೈ-ಬ್ರೇಕರ್ ಹೋಯ್ತಲ್ವಾ." ತಾನು ಸೋತ ಆ ಗಳಿಗೆಯಲ್ಲಿ ಅವಳಿಗೆ ನನ್ನ ಲೆಕ್ಕ ನೆನಪಿತ್ತು. ಕೆಲಗೇರಿ ತೋಟದ ಆಪೂಸ್ ಬಾಕ್ಸ್ ಅಲ್ಲೇ ಬಿಚ್ಚಿದೆ. ಅಂಗಡಿಯ ಹೊರಗಿನ ಮೆಟ್ಟಿಲ ಮೇಲೆ ಎಂಟು ಹತ್ತು ಜನ ಕೂತು ತಿಂದೆವು. ಕಾರ್ಡು ಮುಟ್ಟುವ ಮೊದಲು ಎಲ್ಲರೂ ಎರಡೆರಡು ಸಲ ಕೈ ತೊಳೆದುಕೊಂಡರು.

[ದೃಶ್ಯ: ಬಾಗಿದ ಒಂದು ಫಾಯಿಲ್ ಕಾರ್ಡು, ಮೇಜಿನ ಮಟ್ಟದಿಂದ.]

ಮುಂಬೈಯಲ್ಲಿ ನಾನು ಕಲಿತದ್ದು ಬೇರೆಯೇ ಪಾಠ. ನನ್ನ ಬಳಿ ಹೊಳೆಯುವ ಒಂದು ಫಾಯಿಲ್ ಕಾರ್ಡಿತ್ತು, ತುಂಬಾ ಪ್ರೀತಿಯದ್ದು. ಕಾರ್ಡಿನ ಅಳತೆ 63 ಮಿಲಿಮೀಟರ್ ಅಗಲ, 88 ಎತ್ತರ. ಮುಂಭಾಗದಲ್ಲಿ ಲೋಹದಂತೆ ಹೊಳೆಯುವ ತೆಳು ಪದರ, ಹಿಂದೆ ಕಾಗದ. ಕಾಗದ ಗಾಳಿಯ ತೇವ ಹೀರುತ್ತದೆ, ಆ ಪದರ ಹೀರುವುದಿಲ್ಲ. ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳ ನೋಡಿದ್ದೀರಲ್ಲ, ಒಂದು ಮೈ ಬೇಗ ಒಣಗಿ ಸುರುಳಿಯಾಗುತ್ತದೆ. ಇದೂ ಅದೇ. ನಮ್ಮ ಬೇಸಿಗೆಯ ಒಣ ಗಾಳಿಯಲ್ಲಿ ಕಾಗದ ಕುಗ್ಗಿ ಕಾರ್ಡು ಹಿಂದಕ್ಕೆ ಬಾಗುತ್ತದೆ. ಸಮುದ್ರದ ಪಕ್ಕದ ಮೇ ತಿಂಗಳಲ್ಲಿ ಕಾಗದ ಹಿಗ್ಗಿ ಮುಂದಕ್ಕೆ ಬಾಗುತ್ತದೆ. ರಾತ್ರಿ ಬಸ್ಸು ಇಳಿದು ಎರಡು ಗಂಟೆ ಆಗುವಷ್ಟರಲ್ಲಿ ನನ್ನ ಕಾರ್ಡು ದೋಣಿಯ ಹಾಗೆ ಆಗಿತ್ತು.

ಬಾಗಿದರೆ ಏನಾಯಿತು ಅಂತೀರಾ? ಕಲಸಿದ ಡೆಕ್ಕನ್ನು ಎದುರಾಳಿಯ ಮುಂದಿಡಬೇಕು, ಅವರೂ ಕಲಸಬಹುದು, ಕಟ್ ಮಾಡಬಹುದು. ನನ್ನ ಎದುರಾಳಿ ಕಟ್ ಮಾಡಿದ. ಇನ್ನೊಮ್ಮೆ ಮಾಡಿದ. ಎರಡೂ ಸಲ ಅದೇ ಜಾಗದಲ್ಲಿ ಡೆಕ್ ಬಿಚ್ಚಿಕೊಂಡಿತು. ಕೂದಲೆಳೆಯಷ್ಟು ಸಂದು, ಅದರ ಕೆಳಗೆ ಆ ಫಾಯಿಲ್. ಹಿಂಬದಿಯಿಂದಲೇ ಗುರುತು ಸಿಗುವ ಕಾರ್ಡು ಇದ್ದರೆ ಅದು ಮಾರ್ಕ್ಡ್ ಕಾರ್ಡ್. ಬೇಕಂತಲೇ ಮಾಡದಿದ್ದರೂ ತಪ್ಪು ತಪ್ಪೇ, ಯಾಕೆಂದರೆ ಮುಂದೆ ಯಾವ ಕಾರ್ಡು ಬರುತ್ತದೆ ಅಂತ ನನಗೆ ಗೊತ್ತಾಗಿಬಿಡುತ್ತದೆ. ಎದುರಾಳಿ ಕೈ ಎತ್ತಿ ಜಡ್ಜ್ ಅವರನ್ನು ಕರೆದ. ಅವರು ಡೆಕ್ಕನ್ನು ಮೇಜಿನ ಮಟ್ಟಕ್ಕೆ ಬಗ್ಗಿ ನೋಡಿ, "ಇದನ್ನು ಬದಲಾಯಿಸಿ" ಅಂದರು. ನನ್ನ ಬಳಿ ಸಾದಾ ಪ್ರತಿ ಇರಲಿಲ್ಲ. ಆಗ ಎದುರಾಳಿಯೇ ತನ್ನ ಬೈಂಡರ್ ತೆಗೆದು, ಪುಟ ತಿರುವಿ, ಅದೇ ಕಾರ್ಡಿನ ಸಾದಾ ಪ್ರತಿ ಕೊಟ್ಟ. ಅವತ್ತು ಅದೇ ಕಾರ್ಡಿನಿಂದ ಅವನ ವಿರುದ್ಧ ಗೆದ್ದೆ. ಪಂದ್ಯ ಮುಗಿದ ಮೇಲೆ ವಾಪಸ್ ಕೊಡಲು ಹೋದರೆ, "ಸಂಜೆ ಕೊಡು, ಇನ್ನೂ ರೌಂಡ್ ಇವೆ" ಅಂದ. ಈ ಮಾತನ್ನು ನಾನು ಮರೆಯುವುದಿಲ್ಲ.

ಈಗ ನನ್ನ ಡೆಕ್‌ನಲ್ಲಿ ಫಾಯಿಲ್ ಇಲ್ಲ. ನೀವೂ ಹೊರ ಊರಿಗೆ ಹೋಗುವುದಾದರೆ ಸಾದಾ ಕಾರ್ಡೇ ಒಯ್ಯಿರಿ. ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಸ್ಲೀವ್ ಎಲ್ಲವೂ ಒಂದೇ ಪ್ಯಾಕಿನ ಹೊಸದಾಗಿರಲಿ.

ಪುಣೆಯದು ಡ್ರಾಫ್ಟ್. ಕಾರ್ಡು ಕೊಳ್ಳಲು ದುಡ್ಡಿಲ್ಲದ ನಮ್ಮಂಥವರಿಗೆ ಇದು ತುಂಬಾ ಒಳ್ಳೆಯದು. ಬರಿಗೈಯಲ್ಲಿ ಹೋದರೂ ಆಯಿತು. ಎಲ್ಲರಿಗೂ ಮೂರು ಮೂರು ಪ್ಯಾಕ್. ಒಡೆದು ಒಂದು ಕಾರ್ಡು ಇಟ್ಟುಕೊಂಡು ಉಳಿದದ್ದನ್ನು ಪಕ್ಕದವರಿಗೆ ದಾಟಿಸಬೇಕು. ಕೊನೆಗೆ ಸಿಕ್ಕಿದ್ದರ ಜೊತೆ ಬೇಸಿಕ್ ಲ್ಯಾಂಡ್ ಸೇರಿಸಿ 40 ಕಾರ್ಡಿನ ಡೆಕ್. ಮನೆಯಲ್ಲಿ ಎಷ್ಟು ಕಾರ್ಡಿದೆ ಅನ್ನುವುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಡ್ರಾಫ್ಟ್ ಬಗ್ಗೆ ಒಂದು ವಿಡಿಯೋ ಬೇರೆಯೇ ಮಾಡುತ್ತೇನೆ.

[ದೃಶ್ಯ: ಧಾರವಾಡ, ಮಳೆ. ಕಿಟಕಿಯ ಹೊರಗೆ ಹಸಿರು ಚಿಗರಿ ಬಸ್ಸು ಹಾದುಹೋಗುತ್ತದೆ.]

ಜೂನ್ ಬಂತು. ಗೆಳೆಯನ ಮನೆಯ ಮಹಡಿಯ ಕೋಣೆಯಲ್ಲಿ ನಾವೇ ಒಂದು ಟೂರ್ನಮೆಂಟ್ ಇಟ್ಟೆವು. ಎಂಟು ಜನ, ಮೂರು ರೌಂಡು. ಹುಬ್ಬಳ್ಳಿಯಿಂದ ನಾಲ್ವರು, ಧಾರವಾಡದ ಮೂವರು, ಗದಗದಿಂದ ಒಬ್ಬ ಹುಡುಗ. ಒಂಬತ್ತನೇ ಕ್ಲಾಸು, ಜೊತೆಗೆ ಅವನ ಅಪ್ಪ. ಪೇರಿಂಗನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಪೆನ್ನಿನಿಂದ ಬರೆದೆ. ಗಿರ್ಮಿಟ್ ಬಂತು, ಮೇಜಿನಿಂದ ದೂರ ಇಟ್ಟೆವು.

ಮೊದಲ ರೌಂಡಿನಲ್ಲಿ ಆ ಹುಡುಗ ಇಪ್ಪತ್ತೇ ನಿಮಿಷದಲ್ಲಿ ಸೋತ. ಏನೂ ಮಾತಾಡಲಿಲ್ಲ. ಕಾರ್ಡುಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ, ಬ್ಯಾಗಿನ ಜಿಪ್ ಎಳೆದು, ಚಪ್ಪಲಿ ಹುಡುಕಲು ಬಾಗಿಲ ಹತ್ತಿರ ಹೋದ. ಅವನ ಅಪ್ಪನೂ ಎದ್ದು ನಿಂತರು.

ನಾನು ಹಾಳೆಯ ಮೇಲೆ ಎರಡನೇ ರೌಂಡಿನ ಜೋಡಿ ಬರೆಯುತ್ತಿದ್ದೆ. ಅವನ ಹೆಸರಿನ ಮುಂದೆ ನನ್ನ ಹೆಸರು ಬಂದಿತ್ತು. ನಾನೂ ಸೋತಿದ್ದೆ.

"ಎಲ್ಲಿಗೆ ಹೊಂಟಿ? ಕುಂದ್ರು," ಅಂದೆ. "ಇನ್ನೂ ಎರಡು ರೌಂಡ್ ಅದಾವ."