ಗುಮಾಸ್ತನ ಗೋರಿಯಲ್ಲಿ ಸಿಕ್ಕಿದ ಕಾನೂನು

ಕೇಳುಗರಿಗೆ ನಮಸ್ಕಾರ.

ಚೀನಾದ ಮೊದಲ ಚಕ್ರವರ್ತಿ ಚಿನ್ ಶಿಹುವಾಂಗ್‌ನ ಹೆಸರನ್ನು ನಿಮ್ಮಲ್ಲಿ ಬಹಳ ಜನ ಕೇಳಿರುತ್ತೀರಿ. ತನ್ನ ಸಮಾಧಿಯ ಕಾವಲಿಗೆ ಮಣ್ಣಿನ ಸೈನಿಕರ ದಂಡನ್ನೇ ನಿಲ್ಲಿಸಿಕೊಂಡವನು ಅವನು. ಕ್ರಿ.ಪೂ. 221ರ ಹೊತ್ತಿಗೆ ಉಳಿದ ಆರು ರಾಜ್ಯಗಳನ್ನು ಗೆದ್ದು, ಎಲ್ಲವನ್ನೂ ತನ್ನ ಚಿನ್ ರಾಜ್ಯದ ಆಳ್ವಿಕೆಗೆ ತಂದ. ಆ ರಾಜ್ಯದ ಕಾನೂನು ಬಹಳ ಕ್ರೂರವಾಗಿತ್ತು ಅಂತ ಎರಡು ಸಾವಿರ ವರ್ಷ ಎಲ್ಲರೂ ಹೇಳಿಕೊಂಡು ಬಂದರು. ಆದರೆ ಆ ಕಾನೂನಿನ ಪಠ್ಯ ಯಾರ ಕೈಯಲ್ಲೂ ಇರಲಿಲ್ಲ. ಹೇಳಿದವರಲ್ಲಿ ಹೆಚ್ಚಿನವರು ಚಿನ್ ವಂಶ ಬಿದ್ದ ಮೇಲೆ ಬಂದ ಹಾನ್ ವಂಶದ ಕಾಲದವರು. ಬಿದ್ದವರ ಬಗ್ಗೆ ಗೆದ್ದವರು ಹೇಳಿದ ಮಾತು ಅದು.

1975ರ ಡಿಸೆಂಬರ್‌ನಲ್ಲಿ ಪರಿಸ್ಥಿತಿ ಬದಲಾಯಿತು. ಹುಬೇ ಪ್ರಾಂತದ ಯುನ್‌ಮೆಂಗ್‌ನಲ್ಲಿ, ಶ್ವೇಹುದಿ ಅನ್ನುವ ಜಾಗದಲ್ಲಿ ಕಾಲುವೆ ತೋಡುವಾಗ ಹಳೆಯ ಗೋರಿಗಳು ಸಿಕ್ಕಿದವು. ಅವುಗಳಲ್ಲಿ 11ನೆಯ ಗೋರಿಯ ಪೆಟ್ಟಿಗೆ ತೆರೆದಾಗ ಒಬ್ಬ ಮನುಷ್ಯನ ಎಲುಬುಗಳಿದ್ದವು. ಅವನ ತಲೆಯ ಹತ್ತಿರ, ಬಲಗಡೆ, ಹೊಟ್ಟೆಯ ಮೇಲೆ, ಕಾಲ ಬಳಿ, ಎಲ್ಲ ಕಡೆ ಬಿದಿರಿನ ಸಣ್ಣ ಪಟ್ಟಿಗಳು. ಒಟ್ಟು 1,155. ಒಂದೊಂದೂ ಹೆಚ್ಚುಕಡಿಮೆ ಒಂದು ಗೇಣು ಉದ್ದ, ಒಂದು ಸೆಂಟಿಮೀಟರಿಗಿಂತ ಕಡಿಮೆ ಅಗಲ. ಮಸಿಯಲ್ಲಿ ಬರೆದ ಅಕ್ಷರಗಳು ಸುಮಾರು 40,000. ಪಟ್ಟಿಗಳನ್ನು ಕಟ್ಟಿದ್ದ ದಾರ ಕೊಳೆತುಹೋಗಿತ್ತು. ಗೋರಿಯೊಳಗೆ ನೀರು ತುಂಬಿಕೊಂಡಿದ್ದರಿಂದ ಬಿದಿರು ಮಾತ್ರ ಉಳಿದಿತ್ತು.

ಆ ಮನುಷ್ಯ ರಾಜನಲ್ಲ, ಸೇನಾಪತಿಯೂ ಅಲ್ಲ. ಅವನ ಹೆಸರು ಷಿ. ಸರ್ಕಾರದ ಒಬ್ಬ ಕೆಳದರ್ಜೆಯ ಗುಮಾಸ್ತ. ಅವನ ಜೊತೆ ಮಣ್ಣಿಗೆ ಹೋದದ್ದು ಅವನ ಕಚೇರಿಯ ದಫ್ತರ. ಆ ದಫ್ತರ ಓದಿದರೆ, ಒಂದು ದೊಡ್ಡ ರಾಜ್ಯದ ಕಾನೂನು ಹಳ್ಳಿಯ ಮನೆಯೊಳಗೆ, ಕೊಟ್ಟಿಗೆಯೊಳಗೆ, ಗಂಡಹೆಂಡಿರ ನಡುವೆ ಹೇಗೆ ಕಾಲಿಟ್ಟಿತು ಅನ್ನುವುದು ಕಣ್ಣಿಗೆ ಕಟ್ಟುತ್ತದೆ.

ಮೊದಲು ಷಿ ಬಗ್ಗೆ ನಾಲ್ಕು ಮಾತು. ಪಟ್ಟಿಗಳಲ್ಲಿ ಒಂದು ವರ್ಷಾನುಕ್ರಮದ ದಾಖಲೆ ಇದೆ. ಕ್ರಿ.ಪೂ. 306ರಿಂದ 217ರವರೆಗೆ ಯಾವ ವರ್ಷ ಯಾವ ಕೋಟೆಗೆ ಮುತ್ತಿಗೆ, ಎಲ್ಲಿ ಯುದ್ಧ ಅಂತ ಒಂದೊಂದು ಸಾಲು. ಆ ಸಾಲುಗಳ ನಡುವೆಯೇ ಅವನ ಸ್ವಂತ ಬದುಕೂ ಬರುತ್ತದೆ. ಹುಟ್ಟಿದ್ದು ಕ್ರಿ.ಪೂ. 262. 246ರಲ್ಲಿ ದುಡಿಯುವ ಗಂಡಸರ ಪಟ್ಟಿಗೆ ಹೆಸರು ಸೇರಿತು. 244ರಲ್ಲಿ ಬರವಣಿಗೆಯ ನೌಕರಿ. 235ರಲ್ಲಿ ಯೆನ್ ಊರಿನಲ್ಲಿ ಮೊಕದ್ದಮೆಗಳ ವಿಚಾರಣೆ. ಸೈನ್ಯಕ್ಕೂ ಹೋಗಿಬಂದ. 231ರಲ್ಲಿ ಅಪ್ಪ ತೀರಿಕೊಂಡರು, 227ರಲ್ಲಿ ಅವ್ವ. ಮಕ್ಕಳು ಹುಟ್ಟಿದ್ದನ್ನೂ ಬರೆದಿದ್ದಾನೆ. ಒಂದು ಮಗುವಿನ ಹೆಸರು 'ಕಿವಿ ಚುಚ್ಚಿದವಳು' ಅಂತ. 219ರ ಸಾಲಿನಲ್ಲಿ ಚಕ್ರವರ್ತಿ ಆನ್‌ಲು ಊರನ್ನು ಹಾದುಹೋದ ಅಂತ ಇದೆ. ಆನ್‌ಲು ಅಂದರೆ ಷಿ ಇದ್ದ ಊರೇ. ಆ ದಿನ ಏನು ಕಂಡ, ಏನು ಅನ್ನಿಸಿತು ಅಂತ ಒಂದು ಪದವೂ ಇಲ್ಲ. ಗುಮಾಸ್ತ ಅಲ್ವಾ, ಬರೆಯಬೇಕಾದಷ್ಟನ್ನೇ ಬರೆದ.

ಈ ಊರು ಮೂಲದಲ್ಲಿ ಚಿನ್ ರಾಜ್ಯದ್ದಲ್ಲ. ದಕ್ಷಿಣದ ಚು ರಾಜ್ಯದ್ದು. ಕ್ರಿ.ಪೂ. 278ರಲ್ಲಿ ಚಿನ್ ಸೇನಾಪತಿ ಬಾಯ್ ಚಿ ಚು ರಾಜಧಾನಿಯನ್ನು ಗೆದ್ದ ಮೇಲೆ ಈ ನೆಲ ಕೈ ಬದಲಾಯಿಸಿತು. ನೆಲ ಬದಲಾದರೂ ಜನರ ನಡೆನುಡಿ ಬದಲಾಗಲಿಲ್ಲ. 50 ವರ್ಷ ಕಳೆದ ಮೇಲೂ ಅದೇ ತಲೆನೋವು. ಇದು ಗೊತ್ತಾಗುವುದು ಪ್ರಾಂತಾಧಿಕಾರಿ ತೆಂಗ್ ಎಂಬಾತ ಕ್ರಿ.ಪೂ. 227ರಲ್ಲಿ ಕಳಿಸಿದ ಸುತ್ತೋಲೆಯಿಂದ. ಷಿ ಅದರ ಪ್ರತಿಯನ್ನೂ ಇಟ್ಟುಕೊಂಡಿದ್ದ.

ತೆಂಗ್ ಶುರುಮಾಡುವುದೇ ಹೀಗೆ: ಹಿಂದಿನ ಕಾಲದಲ್ಲಿ ಜನರಿಗೆ ಅವರವರ ಊರಿನ ಪದ್ಧತಿ ಇತ್ತು, ಒಬ್ಬರಿಗೆ ಇಷ್ಟವಾದದ್ದು ಇನ್ನೊಬ್ಬರಿಗೆ ಬೇಡ. ಹಾಗಾಗಿ ರಾಜರು ಕಾನೂನು ಮಾಡಿದರು. ಕಾನೂನು ಬಂದಾಗಿದೆ, ಆದರೂ ಜನ ಹಳೆಯ ಚಾಳಿ ಬಿಡುತ್ತಿಲ್ಲ. ಕೆಳಗಿನ ಅಧಿಕಾರಿಗಳು ಗೊತ್ತಿದ್ದೂ ಸುಮ್ನೆ ಇದ್ದಾರೆ. ಆಮೇಲೆ ಕೆಟ್ಟ ಅಧಿಕಾರಿಯ ಚಿತ್ರ ಬರುತ್ತದೆ. ಕಾನೂನು ಗೊತ್ತಿಲ್ಲ, ಕೆಲಸ ಗೊತ್ತಿಲ್ಲ. ಆದರೆ ಕಣ್ಣು ಕೆಕ್ಕರಿಸಿ, ಮಣಿಕಟ್ಟು ಹಿಡಿದು ತನ್ನ ಬಲ ತೋರಿಸುತ್ತಾನೆ. ಜೋರು ಜೋರಾಗಿ ಮಾತಾಡಿ ತಾನು ಆಡಳಿತ ಮಾಡುತ್ತಿದ್ದೇನೆ ಅಂತ ತೋರಿಸಿಕೊಳ್ಳುತ್ತಾನೆ. ಇಷ್ಟು ನೇರವಾಗಿ ಬರೆದ ಸುತ್ತೋಲೆಯನ್ನು ನಾನಂತೂ ಬೇರೆಲ್ಲೂ ಓದಿಲ್ಲ.

ಇನ್ನು ಕಾನೂನಿಗೆ ಬರೋಣ. ಅದರ ಮೊದಲ ಗುಣ ಅಂದರೆ ಅಳತೆ. ಎಲ್ಲಕ್ಕೂ ಅಳತೆ. ಸರ್ಕಾರಿ ಕಣಜದಲ್ಲಿ ಇಲಿಬಿಲ ಇದ್ದರೆ ಅಧಿಕಾರಿಗೆ ಏನು ಶಿಕ್ಷೆ? ಮೂರು ಅಥವಾ ಹೆಚ್ಚು ಬಿಲ ಇದ್ದರೆ ಒಂದು ಗುರಾಣಿಯ ಬೆಲೆಯಷ್ಟು ದಂಡ. ಎರಡಕ್ಕೆ ಬೈಗುಳ. ಮೂರು ಸುಂಡಿಲಿ ಬಿಲ ಸೇರಿದರೆ ಒಂದು ಇಲಿಬಿಲಕ್ಕೆ ಸಮ! ಉಳುವ ಸರ್ಕಾರಿ ಎತ್ತಿನ ಮೈಸುತ್ತಳತೆ ಇಳಿದರೆ, ಒಂದೊಂದು ಅಂಗುಲಕ್ಕೂ ನೋಡಿಕೊಳ್ಳುವವನಿಗೆ ಹತ್ತು ಏಟು. ಎತ್ತನ್ನು ಚೆನ್ನಾಗಿ ಸಾಕಿದವನಿಗೆ ಬಹುಮಾನವೂ ಉಂಟು. ಮೇಲ್ವಿಚಾರಕನಿಗೆ ಮದ್ಯ ಮತ್ತು ಒಣಮಾಂಸ, ದನಕಾಯುವವನಿಗೆ ಒಂದು ಸರದಿಯ ಚಾಕರಿ ಮಾಫಿ.

ಮಳೆ ಬಿದ್ದರೆ ಎಷ್ಟು ಹೊಲಕ್ಕೆ ಅನುಕೂಲವಾಯಿತು ಅಂತ ಬರೆದು ಕಳಿಸಬೇಕು. ಬರ, ಬಿರುಗಾಳಿ, ನೆರೆ, ಮಿಡತೆ ಬಂದರೂ ವರದಿ ಬೇಕು. ಹತ್ತಿರದ ಊರಿನವರು ಓಟಗಾರನ ಕೈಲಿ, ದೂರದವರು ಅಂಚೆಯಲ್ಲಿ ಕಳಿಸಬೇಕು. ವಸಂತದ ಎರಡನೆಯ ತಿಂಗಳಲ್ಲಿ ಕಾಡಿನ ಮರ ಕಡಿಯಬಾರದು, ಹರಿಯುವ ನೀರಿಗೆ ಅಡ್ಡಕಟ್ಟಬಾರದು. ಮರಿ, ಮೊಟ್ಟೆ, ಗೂಡಿನ ಹಕ್ಕಿಮರಿ ಮುಟ್ಟಬಾರದು. ನೀರಿಗೆ ವಿಷ ಹಾಕಿ ಮೀನು, ಆಮೆ ಹಿಡಿಯಬಾರದು. ಏಳನೆಯ ತಿಂಗಳಿಗೆ ಈ ನಿಷೇಧ ತೆರವು. ಒಂದೇ ಒಂದು ವಿನಾಯಿತಿ: ಯಾರಾದರೂ ಸತ್ತು ಶವಪೆಟ್ಟಿಗೆಗೆ ಮರ ಬೇಕಾದರೆ ಯಾವಾಗ ಬೇಕಾದರೂ ಕಡಿಯಬಹುದು. ಇದನ್ನು ಬರೆದ ಕೈಗೆ ಹಳ್ಳಿಯ ಬದುಕು ಚೆನ್ನಾಗಿ ಗೊತ್ತಿತ್ತು.

ಇದೇ ಅಳತೆ ಮನುಷ್ಯನ ಮೇಲೆ ಬಿದ್ದಾಗ ಎದೆ ನಡುಗುತ್ತದೆ. ಒಂದು ಕಾಸೂ ಬಾಳದ ಹಿಪ್ಪುನೇರಳೆ ಸೊಪ್ಪು ಕದ್ದವನಿಗೆ 30 ದಿನ ಬಿಟ್ಟಿ ದುಡಿಮೆ. ಐದು ಜನ ಸೇರಿ ಒಂದು ಕಾಸು ಅಥವಾ ಅದಕ್ಕಿಂತ ಜಾಸ್ತಿ ಕದ್ದರೆ ಎಡಗಾಲು ಕಡಿದು, ಮುಖಕ್ಕೆ ಹಚ್ಚೆ ಹಾಕಿ, ಕೋಟೆ ಕಟ್ಟುವ ಕೆಲಸಕ್ಕೆ ದೂಡುತ್ತಿದ್ದರು. ಹುಡುಗನೋ ದೊಡ್ಡವನೋ ಅನ್ನುವುದನ್ನು ಎತ್ತರದಿಂದ ತೀರ್ಮಾನಿಸುತ್ತಿದ್ದರು. ಆರು ಅಡಿ ಗೆರೆ. ಅವರ ಅಡಿ ಚಿಕ್ಕದು, ಆರು ಅಡಿ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 138 ಸೆಂಟಿಮೀಟರ್. ಪ್ರಶ್ನೋತ್ತರದ ಪಟ್ಟಿಗಳಲ್ಲಿ ಒಂದು ಪ್ರಶ್ನೆ ಹೀಗಿದೆ. ಒಬ್ಬ ಎತ್ತು ಕದ್ದ. ಕದ್ದಾಗ ಎತ್ತರ ಆರು ಅಡಿ. ಒಂದು ವರ್ಷ ಸೆರೆಯಲ್ಲಿಟ್ಟು ಮತ್ತೆ ಅಳೆದಾಗ ಆರು ಅಡಿ ಏಳು ಅಂಗುಲ. ಈಗ ಏನು ಶಿಕ್ಷೆ? ಕೋಟೆ ಕೆಲಸ, ಅಂಗಕ್ಕೆ ಊನ ಮಾಡದೆ. ಒಂದೇ ವರ್ಷಕ್ಕೆ ಅಷ್ಟು ಬೆಳೆದ ಅಂದರೆ ಅವನು ಇನ್ನೂ ಮಗು.

ಮದುವೆಯ ವಿಷಯ ಕೇಳಿ. ಗಂಡನ ಮನೆಯಿಂದ ಓಡಿಹೋದ ಹೆಣ್ಣುಮಗಳು ಆರು ಅಡಿಗಿಂತ ಚಿಕ್ಕವಳು. ಅವಳಿಗೆ ಶಿಕ್ಷೆ ಉಂಟೋ ಇಲ್ಲವೋ? ಉತ್ತರ: ಮದುವೆ ಸರ್ಕಾರದಲ್ಲಿ ದಾಖಲಾಗಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೆಂಡತಿಯನ್ನು ಬಿಟ್ಟು ಅದನ್ನು ದಾಖಲು ಮಾಡಿಸದ ಗಂಡನಿಗೆ ಎರಡು ಕವಚದಷ್ಟು ದಂಡ. ಇನ್ನೊಂದು ಕಡೆ, ಹೆಂಡತಿ ಜಗಳಗಂಟಿ ಅಂತ ಗಂಡ ಹೊಡೆದು ಕಿವಿ ಹರಿದರೆ ಅಥವಾ ಬೆರಳು ಮುರಿದರೆ ಅವನ ಗಡ್ಡ ಬೋಳಿಸುವ ಶಿಕ್ಷೆ. ಮನೆಯೊಳಗಿನ ಮಾತು ಅಂತ ಕಾನೂನು ಹಿಂದೆ ಸರಿಯಲಿಲ್ಲ. ಅದು ನನಗೆ ಮೆಚ್ಚಿಗೆ. ಆದರೆ ಅದೇ ಕಾನೂನು ಓಡಿಬಂದ ಆ ಪುಟ್ಟ ಹುಡುಗಿಯ ಕಣ್ಣು ನೋಡದೆ ಕಡತ ನೋಡಿತು.

ದಫ್ತರದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ವಿಚಾರಣೆಯ ಮಾದರಿ ವರದಿಗಳು. ಹೊಸ ಗುಮಾಸ್ತರು ನೋಡಿ ಕಲಿಯಲಿ ಅಂತ ಇಟ್ಟವು. ಹೆಸರಿನ ಬದಲು 'ಒಂದನೆಯವನು, ಎರಡನೆಯವನು' ಅನ್ನುವ ಥರ ಗುರುತು. ಮೊದಲಿಗೇ ಒಂದು ಸೂತ್ರವಿದೆ. ಹೇಳಿಕೆ ಬರೆದುಕೊಂಡು, ಮಾತಿನ ಜಾಡು ಹಿಡಿದು, ಹೊಡೆಯದೆ ನಿಜ ತಿಳಿದುಕೊಳ್ಳುವುದು ಉತ್ತಮ. ಹೊಡೆದು ತಿಳಿಯುವುದು ಕೀಳು. ಹೆದರಿಸಿದರೆ ಕೆಲಸ ಕೆಟ್ಟಂತೆ. ಆರೋಪಿ ಸುಳ್ಳು ಹೇಳುತ್ತಿದ್ದಾನೆ ಅಂತ ಗೊತ್ತಿದ್ದರೂ ನಡುವೆ ಬಾಯಿಹಾಕದೆ ಪೂರ್ತಿ ಕೇಳಿ ಬರೆದುಕೊಳ್ಳಬೇಕು. ಕೊನೆಗೆ ಹೊಡೆದರೆ, ಯಾಕೆ ಹೊಡೆದೆ ಅಂತಲೂ ಬರೆಯಬೇಕು.

ಸ್ಥಳ ಮಹಜರು ಹೇಗೆ ಮಾಡುತ್ತಿದ್ದರು ಅಂತ ಕೇಳಿ. ರಾತ್ರಿ ಯಾರೋ ಗೋಡೆ ಕೊರೆದು ಒಂದು ಹೊಸ ನಿಲುವಂಗಿ ಕದ್ದರು. ಅಧಿಕಾರಿ ಹೋಗಿ ನೋಡುತ್ತಾನೆ. ಕನ್ನದ ಹತ್ತಿರದ ಮಣ್ಣಿನಲ್ಲಿ ಮೊಣಕಾಲಿನ ಗುರುತು ಆರು ಕಡೆ, ಕೈ ಗುರುತು ಆರು ಕಡೆ. ಹೊರಗಿನ ಮಣ್ಣಿನಲ್ಲಿ ಕೆರದ ಗುರುತು ನಾಲ್ಕು. ಮುಂದಿನ ನಾಲ್ಕು ಅಂಗುಲ ಒತ್ತೊತ್ತಾದ ಹೆಣಿಗೆ, ನಡುವಿನ ಐದು ಅಂಗುಲ ಬಿಡಿಬಿಡಿ, ಹಿಮ್ಮಡಿಯ ಮೂರು ಅಂಗುಲ ಮತ್ತೆ ಒತ್ತು. ಹಳೆಯ ಕೆರ ಇರಬೇಕು ಅಂತ ಟಿಪ್ಪಣಿ. ಇದು ಕ್ರಿಸ್ತ ಹುಟ್ಟುವುದಕ್ಕೆ 200 ವರ್ಷಕ್ಕೂ ಹಿಂದಿನ ಮಹಜರು! ಇನ್ನೊಂದು ವರದಿಯಲ್ಲಿ ಇಬ್ಬರು ಒಂದು ಕಪ್ಪು ಹಸುವನ್ನು ಹಿಡಿದು ತಂದು ನನ್ನದು, ನನ್ನದು ಅನ್ನುತ್ತಾರೆ. ಗುಮಾಸ್ತ ಬಾಯಿ ತೆರೆಸಿ ಹಲ್ಲು ನೋಡಿ, ಹಸುವಿಗೆ ಆರು ವರ್ಷ ಅಂತ ಬರೆಯುತ್ತಾನೆ.

ಆದರೆ ಮನಸ್ಸಿನಲ್ಲಿ ಕೂತುಬಿಡುವುದು ಬೇರೊಂದು ವರದಿ. ಹಳ್ಳಿಯ 20 ಜನ ಸೇರಿ ತಮ್ಮದೇ ಊರಿನ ಒಬ್ಬನನ್ನು ಕಚೇರಿಗೆ ಕರೆತರುತ್ತಾರೆ. ಇವನ ನಾಲಿಗೆಯಲ್ಲಿ ವಿಷ ಇದೆ, ಇವನ ಜೊತೆ ನಾವು ಉಣ್ಣುವುದಿಲ್ಲ, ಕುಡಿಯುವುದಿಲ್ಲ ಅನ್ನುತ್ತಾರೆ. ಅವನ ಹೇಳಿಕೆ ಹೀಗಿದೆ. ನನ್ನ ಅಜ್ಜಿ, ಅಮ್ಮನ ಅಮ್ಮ, ಇದೇ ಆರೋಪದ ಮೇಲೆ ಮೂವತ್ತು ಚಿಲ್ಲರೆ ವಯಸ್ಸಿನಲ್ಲಿ ಗಡೀಪಾರಾದಳು. ನಮ್ಮ ಮನೆಯಲ್ಲಿ ಪೂಜೆ ಇದ್ದು ಕರೆದರೆ ಇವರು ಬರುವುದಿಲ್ಲ. ತಮ್ಮ ಮನೆಗೆ ನನ್ನನ್ನು ಕರೆಯುವುದೂ ಇಲ್ಲ. ಊರ ಪೂಜೆಯಲ್ಲಿ ಎಲ್ಲರೂ ಸೇರಿ ಉಂಡರೂ ನನ್ನ ಬಟ್ಟಲು ಯಾರೂ ಮುಟ್ಟುವುದಿಲ್ಲ. ನನ್ನಲ್ಲಿ ವಿಷ ಇಲ್ಲ, ಬೇರೆ ಅಪರಾಧವೂ ಇಲ್ಲ. ವರದಿ ಅಲ್ಲಿಗೆ ಮುಗಿಯುತ್ತದೆ. ಮಾದರಿ ವರದಿ ಆದ್ದರಿಂದ ತೀರ್ಪು ಬರೆದಿಲ್ಲ. ಊರೇ ಒಬ್ಬನನ್ನು ದೂರ ಇಟ್ಟಾಗ ಅವನ ಮಾತನ್ನೂ ಪೂರ್ತಿ ಬರೆದುಕೊಂಡಿದ್ದಾರಲ್ಲ, ಆ ಕಾರಣಕ್ಕೆ ಇವತ್ತು ಅವನ ದನಿ ನಮಗೆ ಕೇಳುತ್ತಿದೆ.

ಇಷ್ಟೆಲ್ಲ ಕಾನೂನು ಓದಿದ ಷಿ ಪಕ್ಕದಲ್ಲಿ ಇನ್ನೇನು ಇತ್ತು ಗೊತ್ತಾ? ಎರಡು ಪಂಚಾಂಗ. ಮದುವೆಗೆ, ಪ್ರಯಾಣಕ್ಕೆ, ಮನೆ ಕಟ್ಟಲು ಒಳ್ಳೆಯ ದಿನ ಯಾವುದು, ದೆವ್ವ ಕಾಡಿದರೆ ಏನು ಮಾಡಬೇಕು ಅಂತ ಹೇಳುವ ಪಟ್ಟಿಗಳು. ಅದರಲ್ಲಿ ಕಳ್ಳನನ್ನು ಊಹಿಸುವ ಭಾಗವೂ ಇದೆ. ಒಂದೊಂದು ದಿನಕ್ಕೂ ಒಂದೊಂದು ಪ್ರಾಣಿ. ಇಲಿಯ ದಿನ ಕಳವಾದರೆ ಕಳ್ಳನಿಗೆ ಚೂಪು ಬಾಯಿ, ವಿರಳ ಗಡ್ಡ, ಮುಖದಲ್ಲಿ ಕಪ್ಪು ಮಚ್ಚೆ. ಎತ್ತಿನ ದಿನವಾದರೆ ದೊಡ್ಡ ಮೂಗು, ಉದ್ದ ಕುತ್ತಿಗೆ. ಚೀನೀಯರ ವರ್ಷಗಳಿಗೆ ಇವತ್ತೂ ಇರುವ ಹನ್ನೆರಡು ಪ್ರಾಣಿಗಳ ಪಟ್ಟಿ ಸಿಕ್ಕಿರುವ ಅತಿ ಹಳೆಯ ಬರಹಗಳಲ್ಲಿ ಇದೂ ಒಂದು. ಆಗಿನ ಪಟ್ಟಿಯಲ್ಲಿ ಕೆಲವು ಪ್ರಾಣಿಗಳು ಬೇರೆ. ಕೆರದ ಗುರುತನ್ನು ಅಂಗುಲದಲ್ಲಿ ಅಳೆಯುವ ಮಾದರಿಯೂ, ದಿನ ನೋಡಿ ಕಳ್ಳನ ಮೂಗು ಹೇಳುವ ಪಟ್ಟಿಯೂ ಒಂದೇ ಪೆಟ್ಟಿಗೆಯಲ್ಲಿ ಇದ್ದವು. ತೆಂಗ್ ಸುತ್ತೋಲೆ ಕಳಿಸಿ ಬಿಡಿಸಬೇಕು ಅಂದುಕೊಂಡ ನಂಬಿಕೆಯ ಲೋಕದಲ್ಲೇ ಅವನ ಗುಮಾಸ್ತ ಬದುಕುತ್ತಿದ್ದ.

ಅದೇ ಜಾಗದ 4ನೆಯ ಗೋರಿಯಲ್ಲಿ ಎರಡು ಮರದ ಹಲಗೆ ಸಿಕ್ಕಿದವು. ಚೀನಾದಲ್ಲಿ ಈವರೆಗೆ ಸಿಕ್ಕಿರುವ ಅತಿ ಹಳೆಯ ಮನೆಪತ್ರಗಳು ಅವು. ಹೇಫು ಮತ್ತು ಜಿಂಗ್ ಅನ್ನುವ ಇಬ್ಬರು ಅಣ್ಣತಮ್ಮಂದಿರು ಚಿನ್ ಸೈನ್ಯದಲ್ಲಿದ್ದು ಕ್ರಿ.ಪೂ. 223ರ ಸುಮಾರಿಗೆ ಚು ಯುದ್ಧದಿಂದ ಬರೆದವು. ಅವ್ವ, ಬೇಸಿಗೆ ಉಡುಪಿಗೆ ಬಟ್ಟೆ ಕಳಿಸು, ದುಡ್ಡು ಕಳಿಸು ಅಂತ ಕೇಳುತ್ತಾರೆ. ಜಿಂಗ್ ಸಾಲ ಮಾಡಿಕೊಂಡಿದ್ದಾನೆ. ಐನೂರು, ಆರುನೂರು ಕಾಸು ಬೇಕು, ಮನೆಯಿಂದ ಬರದಿದ್ದರೆ ಸತ್ತೇಹೋಗುತ್ತೇನೆ, ಬೇಗ, ಬೇಗ, ಬೇಗ ಅಂತ ಬರೆಯುತ್ತಾನೆ. ಮನೆಯ ಹೆಣ್ಣುಮಗಳೊಬ್ಬಳ ಹೆಸರು ಹೇಳಿ, ಸೌದೆಗೆ ಅವಳನ್ನು ದೂರ ಕಳಿಸಬೇಡಿ ಅನ್ನುತ್ತಾನೆ. ರಾಜ್ಯಗಳನ್ನು ಒಂದು ಮಾಡಿದ ಆ ಸೈನ್ಯದ ಸಿಪಾಯಿ ಮೈಮೇಲಿನ ಬಟ್ಟೆಗೆ ಅವ್ವನನ್ನು ಬೇಡಬೇಕಾಗಿತ್ತು.

ಹಾಗಾದರೆ ಚಿನ್ ಕಾನೂನು ಕ್ರೂರವೋ ಅಲ್ಲವೋ? ಇತಿಹಾಸಕಾರ ಸಿಮಾ ಚಿಯೆನ್ ಹೇಳುವ ಒಂದು ಘಟನೆ ಚೀನಾದಲ್ಲಿ ಎಲ್ಲರಿಗೂ ಗೊತ್ತು. ಕ್ರಿ.ಪೂ. 209ರಲ್ಲಿ ಚೆನ್ ಶೆಂಗ್ ಮತ್ತು ಜೊತೆಗಾರರು ಗಡಿ ಕಾವಲಿಗೆ ಹೊರಟಿದ್ದರು. ದೊಡ್ಡ ಮಳೆಯಿಂದ ದಾರಿಯಲ್ಲೇ ಸಿಕ್ಕಿಹಾಕಿಕೊಂಡರು. ತಡವಾದರೆ ಮರಣದಂಡನೆ, ಹೇಗಿದ್ದರೂ ಸಾವೇ ಅಂತ ದಂಗೆ ಎದ್ದರು. ಆ ಕಿಡಿಯಿಂದ ಚಿನ್ ವಂಶ ಬಿತ್ತು. ಷಿ ಇಟ್ಟುಕೊಂಡ ಬಿಟ್ಟಿ ದುಡಿಮೆಯ ಕಾನೂನು ಬೇರೆ ಹೇಳುತ್ತದೆ. ಮೂರರಿಂದ ಐದು ದಿನ ತಡವಾದರೆ ಬೈಗುಳ. ಆರರಿಂದ ಹತ್ತಕ್ಕೆ ಒಂದು ಗುರಾಣಿ ದಂಡ. ಹತ್ತು ದಾಟಿದರೆ ಒಂದು ಕವಚ. ಮಳೆ, ನೆರೆ ಬಂದರೆ ಆ ದುಡಿಮೆಯೇ ರದ್ದು. ಇದು ದುಡಿಮೆಗೆ ಹೇಳಿದ ಮಾತು, ಗಡಿ ಕಾವಲಿಗೆ ಅಲ್ಲ. ಅಷ್ಟನ್ನು ನೆನಪಿಡಬೇಕು. ಆದರೂ ಎಲ್ಲದಕ್ಕೂ ತಲೆ ತೆಗೆಯುತ್ತಿದ್ದ ಕಾನೂನು ಅಂತ ಕಣ್ಣುಮುಚ್ಚಿ ಹೇಳುವ ಹಾಗೆ ಇನ್ನಿಲ್ಲ. ನನಗೆ ಅನ್ನಿಸುವುದು ಇಷ್ಟು: ಜನರನ್ನು ಹಣ್ಣುಮಾಡಿದ್ದು ಒಂದೊಂದು ಶಿಕ್ಷೆಯ ಘೋರಕ್ಕಿಂತ ಹೆಚ್ಚಾಗಿ, ಬಿಡುವೇ ಕೊಡದ ಲೆಕ್ಕ. ದಂಡ ಕಟ್ಟಲಾಗದವನು ದಿನಕ್ಕೆ ಎಂಟು ಕಾಸಿನ ಲೆಕ್ಕದಲ್ಲಿ ದುಡಿದು ತೀರಿಸಬೇಕು. ಸರ್ಕಾರದ ಊಟ ಉಂಡರೆ ಆರೇ ಕಾಸು. ಹೀಗೆ ಸಿಕ್ಕಿಕೊಂಡವನು ಹೊಲಕ್ಕೆ ಮರಳುವುದು ಯಾವಾಗ?

1983–84ರಲ್ಲಿ ಅದೇ ಹುಬೇ ಪ್ರಾಂತದ ಜಾಂಗ್‌ಜಿಯಾಶಾನ್‌ನಲ್ಲಿ ಇನ್ನೊಬ್ಬ ಅಧಿಕಾರಿಯ ಗೋರಿ ತೆರೆಯಿತು. ಅಲ್ಲಿದ್ದದ್ದು ಕ್ರಿ.ಪೂ. 186ರ ಸುಮಾರಿನ ಹಾನ್ ವಂಶದ ಕಾನೂನು. ಚಿನ್ ಆಳ್ವಿಕೆಯನ್ನು ಬೈದು ಬಂದ ವಂಶ ಅದು. ಪಟ್ಟಿಗಳನ್ನು ಓದಿದ ವಿದ್ವಾಂಸರಿಗೆ ಷಿ ಇಟ್ಟುಕೊಂಡಿದ್ದ ನಿಯಮಗಳ ಜಾಡೇ ಮತ್ತೆ ಮತ್ತೆ ಸಿಕ್ಕಿತು. ವಸಂತದಲ್ಲಿ ಮರ ಕಡಿಯಬಾರದು, ಮರಿ, ಮೊಟ್ಟೆ ಮುಟ್ಟಬಾರದು ಅನ್ನುವ ನಿಯಮವೂ ಅಲ್ಲಿ ಹಾಗೆಯೇ ಇದೆ. ಷಿ ಇಟ್ಟುಕೊಂಡಿದ್ದ ಬಿದಿರ ಪಟ್ಟಿಗಳು ಈಗ ವುಹಾನ್ ನಗರದ ಹುಬೇ ಪ್ರಾಂತೀಯ ವಸ್ತುಸಂಗ್ರಹಾಲಯದಲ್ಲಿವೆ.

ನಮಸ್ಕಾರ.