ಚೆಕ್ಕು ಹರಿದು ಹಾಕುವ ಪಿಂಚಣಿದಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಒಬ್ಬಂಟಿಯಾಗಿ ಬಾಳುತ್ತಿರುವ ಫ್ರಾಂಕ್ ಮೋಸೆಸ್ ಎಂಬಾತ, ಅಂಚೆಯಲ್ಲಿ ಬಂದ ತನ್ನ ಪಿಂಚಣಿಯ ಚೆಕ್ಕನ್ನು ಹರಿದು ಹಾಕುತ್ತಾನೆ. ಆಮೇಲೆ ಕಾನ್ಸಾಸ್ ಸಿಟಿಯಲ್ಲಿರುವ ಪಿಂಚಣಿ ಕಚೇರಿಗೆ ಫೋನು ಮಾಡಿ, ಚೆಕ್ಕು ಕೈಸೇರಲಿಲ್ಲವೆಂದು ದೂರು ಹೇಳುತ್ತಾನೆ. ಅವನಿಗೆ ಬೇಕಾದದ್ದು ಹಣವಲ್ಲ. ಆ ಕಚೇರಿಯಲ್ಲಿ ಫೋನು ಎತ್ತುವ ಸಾರಾ ಎಂಬ ಹೆಣ್ಣುಮಗಳ ಜೊತೆ ನಾಲ್ಕು ಮಾತು. ಅವಳು ಹೇಳಿದಳೆಂಬ ಒಂದೇ ಕಾರಣಕ್ಕೆ ಅವನು ಮನೆಯಲ್ಲಿ ಬೆಣ್ಣೆಹಣ್ಣಿನ ಗಿಡವೊಂದನ್ನು ಬೆಳೆಸಲು ಹೊರಟಿದ್ದಾನೆ. 2010ರ ಅಕ್ಟೋಬರ್‌ನಲ್ಲಿ ತೆರೆಕಂಡ, ರಾಬರ್ಟ್ ಶ್ವೆಂಕೆ ನಿರ್ದೇಶನದ ‘ರೆಡ್’ ಚಿತ್ರ ತೊಡಗುವುದು ಇಂಥ ಸಪ್ಪೆ ದಿನಚರಿಯಿಂದ. ಹೆಸರಿನ ಮೂರು ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿದರೆ ‘ರಿಟೈರ್ಡ್, ಎಕ್ಸ್‌ಟ್ರೀಮ್ಲಿ ಡೇಂಜರಸ್’ ಎಂದಾಗುತ್ತದೆ. ವಯೋನಿವೃತ್ತ, ಆದರೆ ಬಹಳ ಅಪಾಯಕಾರಿ ಎಂದರ್ಥ.

ಫ್ರಾಂಕ್ ಒಂದು ಕಾಲದಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿ.ಐ.ಎ.ಯ ಗೂಢಚಾರನಾಗಿದ್ದವನು. ಒಂದು ರಾತ್ರಿ ಮುಸುಕುಧಾರಿಗಳ ತಂಡವೊಂದು ಅವನನ್ನು ಕೊಲ್ಲಲು ಬರುತ್ತದೆ. ಒಲೆಯ ಮೇಲೆ ಕಾದ ಬಾಣಲೆಗೆ ಅವನು ಒಂದಿಷ್ಟು ಗುಂಡುಗಳನ್ನು ಹಾಕುತ್ತಾನೆ. ಅವು ಒಗ್ಗರಣೆಯ ಸಾಸಿವೆಯಂತೆ ಸಿಡಿಯತೊಡಗಿದಾಗ ಬಂದವರ ಗಮನವೆಲ್ಲ ಅತ್ತ ಹೋಗುತ್ತದೆ, ಇವನ ಕೆಲಸ ಸುಲಭವಾಗುತ್ತದೆ. ಬ್ರೂಸ್ ವಿಲ್ಲಿಸ್ ಇದನ್ನೆಲ್ಲ ಬೆಳಗಿನ ಕಾಫಿ ಕಾಸಿಕೊಳ್ಳುವವನ ಸಮಾಧಾನದಲ್ಲಿ ಅಭಿನಯಿಸಿರುವುದರಿಂದಲೇ ನಮಗೆ ನಗು ಬರುತ್ತದೆ.

ಇಂಥ ಚಿತ್ರಗಳ ಕಥೆ ಹೇಳುವಾಗ ‘ನಿವೃತ್ತ ಗೂಢಚಾರರು ಅನಿವಾರ್ಯವಾಗಿ ಮತ್ತೆ ಅಪಾಯಕ್ಕಿಳಿಯುತ್ತಾರೆ’ ಎನ್ನುವುದು ವಾಡಿಕೆ. ಈ ಚಿತ್ರದ ಮಟ್ಟಿಗೆ ‘ಅನಿವಾರ್ಯವಾಗಿ’ ಎಂಬ ಮಾತನ್ನು ನಾನು ಒಪ್ಪಲಾರೆ. ಅಪಾಯ ಬಾಗಿಲು ತಟ್ಟಿದಾಗ ಇವರಿಗೆಲ್ಲ ಒಳಗೊಳಗೇ ಆಗುವುದು ಸಂತೋಷ. ಹೆಲೆನ್ ಮಿರೆನ್ ಅಭಿನಯಿಸಿರುವ ವಿಕ್ಟೋರಿಯಾಳನ್ನೇ ನೋಡಿ: ಅವಳು ವಸತಿಗೃಹವೊಂದರಲ್ಲಿ ಹೂಗಳನ್ನು ಜೋಡಿಸುತ್ತ ಹಾಯಾಗಿದ್ದಾಳೆ; ಆದರೆ ಹಳೆಯ ಕಸುಬನ್ನು ಪೂರ್ತಿ ಬಿಡಲಾಗದೆ, ಆಗೊಮ್ಮೆ ಈಗೊಮ್ಮೆ ಹಣ ಪಡೆದು ಕೊಲೆಯ ಕೆಲಸಗಳನ್ನೂ ಒಪ್ಪಿಕೊಳ್ಳುತ್ತಾಳೆಂಬುದನ್ನು ಯಾವ ಮುಜುಗರವೂ ಇಲ್ಲದೆ ಹೇಳಿಬಿಡುತ್ತಾಳೆ. ಆಗ 65ರ ವಯಸ್ಸಿನವರಾಗಿದ್ದ ಮಿರೆನ್, ಬೆಳ್ಳನೆಯ ಔತಣಕೂಟದ ಉಡುಪಿನಲ್ಲಿ ನಿಂತು, ಮುಖದ ಒಂದು ಗೆರೆಯೂ ಕದಲದಂತೆ ಮೆಷಿನ್‌ಗನ್ ಚಲಾಯಿಸುವ ದೃಶ್ಯವನ್ನು ಚಿತ್ರ ನೋಡಿದವರು ಮರೆಯುವುದಿಲ್ಲ. ವಿಕ್ಟೋರಿಯಾಳಿಗೂ ರಷ್ಯಾದ ಗೂಢಚಾರ ಇವಾನನಿಗೂ ಹಿಂದೆ ಪ್ರೇಮವಿತ್ತು. ಮೇಲಿನವರ ಅಪ್ಪಣೆಯಂತೆ ಅವಳು ಅವನ ಎದೆಗೆ ಮೂರು ಗುಂಡು ಹೊಡೆದಿದ್ದಳು. ತಲೆಗೆ ಹೊಡೆಯಲಿಲ್ಲವಲ್ಲ, ಅದರಿಂದಲೇ ಅವಳಿಗೆ ತನ್ನ ಮೇಲೆ ಒಲವಿತ್ತೆಂದು ಇವಾನ್ ಲೆಕ್ಕ ಹಾಕುತ್ತಾನೆ. ಬ್ರಯನ್ ಕಾಕ್ಸ್ ಈ ಪಾತ್ರಕ್ಕೆ ತುಂಬಿದ ಮೆದುತನದಿಂದಾಗಿ ಆ ವಿಚಿತ್ರ ಲೆಕ್ಕ ನಮಗೂ ಸರಿಯೆನಿಸಿಬಿಡುತ್ತದೆ.

ಜಾನ್ ಮಾಲ್ಕೊವಿಚ್ ಅವರ ಮಾರ್ವಿನ್ ಬೇರೆಯೇ ಬಗೆ. ಸರಕಾರವೇ ಗುಟ್ಟಾಗಿ ವರ್ಷಗಟ್ಟಲೆ ಪ್ರತಿದಿನ ಎಲ್.ಎಸ್.ಡಿ. ಎಂಬ ಮಾದಕ ಮದ್ದು ಉಣಿಸಿದ್ದರಿಂದ ಅವನಿಗೆ ಎಲ್ಲರ ಮೇಲೂ ಅನುಮಾನ. ತಮಾಷೆಯೆಂದರೆ, ಅವನ ಅನುಮಾನಗಳು ನಿಜವೇ ಆಗುತ್ತ ಹೋಗುತ್ತವೆ.

ವಾರೆನ್ ಎಲಿಸ್ ಬರೆದು ಕಲ್ಲಿ ಹ್ಯಾಮ್ನರ್ ಚಿತ್ರಿಸಿದ ಮೂರು ಸಂಚಿಕೆಗಳ ಮೂಲ ಕಾಮಿಕ್ಸ್‌ನಲ್ಲಿ ಈ ನಗೆಯಿಲ್ಲ. ಅಲ್ಲಿ ನಾಯಕ ಏಕಾಂಗಿ, ಕಥೆ ರಕ್ತಸಿಕ್ತ. ಚಿತ್ರಕಥೆ ಬರೆದ ಜಾನ್ ಮತ್ತು ಎರಿಕ್ ಹೋಬರ್ ಸಹೋದರರು ಅವನಿಗೊಂದು ಹಳೆಯ ಗೆಳೆಯರ ಬಳಗವನ್ನು ಕೂಡಿಸಿಕೊಟ್ಟರು. ನನ್ನ ದೃಷ್ಟಿಯಲ್ಲಿ ಚಿತ್ರ ಬದುಕಿದ್ದು ಅಲ್ಲಿಯೇ. ಮಾರ್ಗನ್ ಫ್ರೀಮನ್ ಅಭಿನಯಿಸಿದ, ಯಕೃತ್ತಿನ ಕ್ಯಾನ್ಸರ್ ಹಿಡಿದು ವೃದ್ಧಾಶ್ರಮದಲ್ಲಿರುವ ಜೋ ಕೂಡ ಆ ಬಳಗದವನೇ. ಸಿ.ಐ.ಎ.ಯ ಗುಟ್ಟಿನ ಕಡತಗಳ ಕೊಠಡಿಯನ್ನು ಕಾಯುವ ಹೆನ್ರಿಯಾಗಿ, ಆಗ 93 ವರ್ಷದವರಾಗಿದ್ದ ಅರ್ನೆಸ್ಟ್ ಬೋರ್ಗ್ನೈನ್ ಕೆಲವೇ ನಿಮಿಷ ಬಂದು ಹೋಗುತ್ತಾರೆ. ಕದ್ದು ಒಳಬಂದ ಹಳೆಯ ಪರಿಚಿತ ಫ್ರಾಂಕ್‌ನೊಂದಿಗೆ ಮಾತಾಡಲು ಸಿಕ್ಕ ಖುಷಿ ಅವರ ಕಣ್ಣಲ್ಲಿ ಕಾಣುತ್ತದೆ.

ದೋಷಗಳೂ ಇವೆ. 1981ರಲ್ಲಿ ಗ್ವಾಟೆಮಾಲಾದ ಹಳ್ಳಿಯೊಂದರಲ್ಲಿ ನಡೆದ ಹತ್ಯೆಯನ್ನು ಮುಚ್ಚಿಹಾಕಲು ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಿದ್ದಾರೆಂಬುದು ಕಥೆಯ ಗಂಟು. ಅಷ್ಟು ಭಾರದ ಸಂಗತಿಯನ್ನು ಎತ್ತಿಕೊಂಡ ಚಿತ್ರ, ಸತ್ತವರ ಕಡೆಗೆ ತಿರುಗಿಯೂ ನೋಡದೆ ಅದನ್ನು ಬರಿಯ ನೆಪವಾಗಿ ಬಳಸಿಕೊಳ್ಳುತ್ತದೆ. ಅಮೆರಿಕದ ಉಪಾಧ್ಯಕ್ಷರ ಔತಣಕೂಟದ ಗದ್ದಲಕ್ಕೆ ಬರುವಷ್ಟರಲ್ಲಿ ಗುಂಡಿನ ಸದ್ದು ಹೆಚ್ಚಾಗಿ, ಮಾತಿನ ಸೊಗಸು ಕಡಿಮೆಯಾಗಿರುತ್ತದೆ. ಆದರೂ ಜನ ಮೆಚ್ಚಿದರು. 2013ರಲ್ಲಿ ಎರಡನೆಯ ಭಾಗವೂ ಬಂತು.

ಕೊನೆಯ ದೃಶ್ಯ ನಡೆಯುವುದು ಮಾಲ್ಡೋವಾದಲ್ಲಿ. ಸೈನಿಕರು ಹಿಂದೆ ಬಿದ್ದಿದ್ದಾರೆ. ತಳ್ಳುಗಾಡಿಯೊಂದರಲ್ಲಿ ಮಾರ್ವಿನ್‌ನನ್ನು ಕೂರಿಸಿಕೊಂಡು ಫ್ರಾಂಕ್ ಏದುಸಿರು ಬಿಡುತ್ತ ಓಡುತ್ತಿದ್ದಾನೆ. ಆ ತಿಂಗಳ ಚೆಕ್ಕು ಬಂತೋ ಇಲ್ಲವೋ ಎಂದು ವಿಚಾರಿಸಲು ಅವನಿಗೀಗ ಪುರುಸೊತ್ತಿಲ್ಲ.

ನಮಸ್ಕಾರ.