ಪಿನ್‌ಬಾಲ್ ಮತ್ತು ಕಾನೂನು: ಒಂದೇ ಹೊಡೆತದ ಕತೆಯಾಚೆ

ಗೆಳೆಯರೇ,

ನಾಣ್ಯ ಹಾಕಿ, ಇಳಿಜಾರು ಹಲಗೆಯ ಮೇಲೆ ಉಕ್ಕಿನ ಗುಂಡು ಉರುಳಿಸಿ ಅಂಕ ಗಳಿಸುವ ಯಂತ್ರದಾಟವೇ ಪಿನ್‌ಬಾಲ್. 1999ರಲ್ಲಿ ವಿಲಿಯಮ್ಸ್ ಕಂಪನಿ ಪಿನ್‌ಬಾಲ್ ವಿಭಾಗಕ್ಕೆ ಬೀಗ ಹಾಕಿದಾಗ ಅಮೆರಿಕದಲ್ಲಿ ಈ ಯಂತ್ರಗಳ ದೊಡ್ಡ ತಯಾರಕರೆಂದು ಉಳಿದದ್ದು ಸ್ಟರ್ನ್ ಒಂದೇ. 2013ರಲ್ಲಿ ಜರ್ಸಿ ಜಾಕ್ ಕಂಪನಿಯ ಮೊದಲ ಯಂತ್ರ ಹೊರಬಂತು, ಬೆನ್ನಿಗೇ ಇನ್ನೂ ಕೆಲವು ಕಂಪನಿಗಳು ಹುಟ್ಟಿದವು. ಬಾರುಗಳಲ್ಲಿ ಈಗ ಲೀಗ್ ಪಂದ್ಯಗಳೇ ನಡೆಯುತ್ತವೆ. ಆಟದ ಜೊತೆಗೆ ಅದರ ಕಾನೂನಿನ ಕತೆಯೂ ಬಾಯಿಂದ ಬಾಯಿಗೆ ಹರಡುತ್ತಿದೆ, ಆದರೆ ಅರ್ಧಂಬರ್ಧವಾಗಿ.

ಆ ಕತೆ ಹೀಗಿದೆ: ಅಮೆರಿಕದಲ್ಲಿ ಪಿನ್‌ಬಾಲ್ ನಿಷೇಧವಾಗಿತ್ತು, 1976ರಲ್ಲಿ ರೋಜರ್ ಶಾರ್ಪ್ ಎಂಬ ಯುವಕ ನ್ಯೂಯಾರ್ಕ್ ನಗರಸಭೆಯ ಸಮಿತಿಯ ಮುಂದೆ ಗುಂಡು ಎಲ್ಲಿಗೆ ಹೋಗುತ್ತದೆಂದು ಮೊದಲೇ ಹೇಳಿ, ಅಲ್ಲಿಗೇ ಕಳಿಸಿ, ಆಟವನ್ನು ನಿಷೇಧದಿಂದ ಬಿಡಿಸಿದ.

ಶಾರ್ಪ್ ಆಡಿ ತೋರಿಸಿದ್ದು ನಿಜ. ಆದರೆ ಆ ಹೊಡೆತ, ಗುಂಡಿ ಒತ್ತಿದಾಗ ಗುಂಡನ್ನು ಮೇಲಕ್ಕೆ ಒದೆಯುವ ಪುಟ್ಟ ತೋಳಾದ ಫ್ಲಿಪರ್‌ನದ್ದಲ್ಲ, ಆಟದ ಶುರುವಿನಲ್ಲಿ ಗುಂಡನ್ನು ಹಲಗೆಗೆ ಚಿಮ್ಮಿಸುವ ಸ್ಪ್ರಿಂಗಿನ ಹಿಡಿಯನ್ನು, ಅಂದರೆ ಪ್ಲಂಜರ್ ಅನ್ನು, ಎಳೆದುಬಿಟ್ಟು ಹೊಡೆದದ್ದು. ಅದರಲ್ಲಿ ಅದೃಷ್ಟವೂ ಇತ್ತೆಂದು ಅವರೇ ಒಪ್ಪಿಕೊಂಡಿದ್ದಾರೆ. ಇನ್ನು ದೇಶಕ್ಕೆಲ್ಲ ಒಂದೇ ನಿಷೇಧವೆಂಬುದು ಯಾವತ್ತೂ ಇರಲಿಲ್ಲ, ಒಂದೊಂದು ನಗರಕ್ಕೆ ಒಂದೊಂದು ಕಾನೂನು. ನ್ಯೂಯಾರ್ಕಿನಲ್ಲಿ 1942ರಲ್ಲಿ ಮೇಯರ್ ಲಾಗಾರ್ಡಿಯಾ, ಇದು ಜೂಜು ಎಂದು, ಯಂತ್ರಗಳನ್ನು ಜಪ್ತಿ ಮಾಡಿಸಿ ಸುತ್ತಿಗೆಯಿಂದ ಒಡೆದರು. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಕಂಪನಿಗಳ ತವರಾದ ಶಿಕಾಗೊದಲ್ಲೇ ದಶಕಗಳ ಕಾಲ ಆಡುವಂತಿರಲಿಲ್ಲ! ಶಾರ್ಪ್‌ಗಿಂತ ಎರಡು ವರ್ಷ ಮೊದಲೇ, 1974ರಲ್ಲಿ, ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಪಿನ್‌ಬಾಲ್ ಮುಖ್ಯವಾಗಿ ಕೌಶಲದ ಆಟ ಎಂದಿತು, ಲಾಸ್ ಏಂಜಲಿಸ್‌ನ ನಿಷೇಧ ಬಿದ್ದುಹೋಯಿತು. ಈ ತೀರ್ಪಿನ ನೆನಪು ಯಾರಿಗೂ ಇಲ್ಲವೆಂಬುದೇ ನನ್ನ ಕೊರಗು.

ಫ್ಲಿಪರ್ ಬಂದ ಮೇಲೆ ಆಟ ಕಾನೂನುಬದ್ಧವಾಯಿತು ಎಂಬುದು ಇನ್ನೊಂದು ನಂಬಿಕೆ. ಗಾಟ್ಲೀಬ್‌ನ ಹಂಪ್ಟಿ ಡಂಪ್ಟಿ ಯಂತ್ರದಲ್ಲಿ ಆರು ಫ್ಲಿಪರ್‌ಗಳು ಬಂದದ್ದು 1947ರಲ್ಲಿ. ನ್ಯೂಯಾರ್ಕಿನ ನಿಷೇಧ ಅದಾದ ಮೇಲೂ 29 ವರ್ಷ ಉಳಿಯಿತು.

ಯಾಕೆ ಉಳಿಯಿತು ಎಂಬುದಕ್ಕೆ ಉತ್ತರ ಬಿಂಗೊ ಯಂತ್ರದಲ್ಲಿದೆ. 1950ರ ದಶಕದ ಈ ಯಂತ್ರ ಹೊರನೋಟಕ್ಕೆ ಪಿನ್‌ಬಾಲೇ. ಆದರೆ ಫ್ಲಿಪರ್ ಇಲ್ಲ. ಹಲಗೆಯಲ್ಲಿ ಗುಂಡು ಬೀಳಲು ಸಂಖ್ಯೆ ಬರೆದ 25 ತೂತು, ಮೇಲಿನ ಗಾಜಿನಲ್ಲಿ ಅದೇ ಸಂಖ್ಯೆಗಳ ಬಿಂಗೊ ಚೀಟಿ. ಗುಂಡು ಬಿದ್ದ ತೂತುಗಳ ಸಂಖ್ಯೆಗಳು ಚೀಟಿಯಲ್ಲಿ ಸಾಲಾಗಿ ಬಂದರೆ ಗೆಲುವು. ಒಂದರ ಮೇಲೊಂದು ನಾಣ್ಯ ಹಾಕುತ್ತ ಹೋದರೆ ಗೆಲುವಿನ ಮೊತ್ತ ಏರುವ ಸಾಧ್ಯತೆ. ಗೆದ್ದವರಿಗೆ ಉಚಿತ ಆಟಗಳು ಜಮೆಯಾಗುತ್ತವೆ. ಅಂಗಡಿಯವನು ಒಂದು ಗುಂಡಿ ಒತ್ತಿ ಆ ಲೆಕ್ಕ ಅಳಿಸಿ, ಅಷ್ಟಕ್ಕೆ ನಗದು ಕೊಡುತ್ತಾನೆ. ಎಷ್ಟು ಅಳಿಸಿದನೆಂದು ಒಳಗಿನ ಮೀಟರ್ ಎಣಿಸಿಡುತ್ತದೆ. ಬರೀ ಮೋಜಿನ ಯಂತ್ರಕ್ಕೆ ಅಂಥ ಮೀಟರ್ ಯಾಕೆ ಬೇಕು? 1957ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೋರ್ಪನ್ ಪ್ರಕರಣದಲ್ಲಿ ಇಂಥ ಯಂತ್ರಗಳು ಜೂಜಿನ ಯಂತ್ರಗಳ 250 ಡಾಲರ್ ತೆರಿಗೆಗೆ ಒಳಪಡುತ್ತವೆ ಎಂದಿತು. ಅಂದರೆ ನಗರಗಳ ಭಯ ಪೂರ್ತಿ ಸುಳ್ಳಾಗಿರಲಿಲ್ಲ. ತಪ್ಪಿದ್ದು, ಎರಡು ಬೇರೆ ಯಂತ್ರಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿದ್ದು. ಉಚಿತ ಆಟವೂ ಬೆಲೆಬಾಳುವ ಬಹುಮಾನವೇ ಎನ್ನುವ ಊರುಗಳಿಗೆಂದೇ ಗಾಟ್ಲೀಬ್ 1960ರಲ್ಲಿ ಹೊಸ ಆಟದ ಬದಲು ಹೆಚ್ಚುವರಿ ಗುಂಡು ಕೊಡುವ ಯಂತ್ರ ತಂದಿತು.

ಕೌಶಲವೋ ಅದೃಷ್ಟವೋ ಎಂಬ ಈ ತಕ್ಕಡಿ ನಮಗೂ ಹೊಸದಲ್ಲ. 1968ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ರಮ್ಮಿಯನ್ನು ತೂಗಿದ್ದೂ ಇದರಲ್ಲೇ.

ಈಗ ಯಂತ್ರ ಇಟ್ಟುಕೊಂಡವರಿಗೆ ಒಂದು ಮಾತು. ಕೆಟ್ಟ ಯಂತ್ರದಲ್ಲಿ ಕೌಶಲಕ್ಕೆ ಜಾಗವಿಲ್ಲ. ಹಲಗೆಯ ಇಳಿಜಾರು ಸುಮಾರು 6.5 ಡಿಗ್ರಿ ಇರಲಿ, ಅಡ್ಡಕ್ಕೆ ಪೂರ್ತಿ ಸಮವಾಗಿರಲಿ. ಒಂದು ಕಾಲು ತಗ್ಗಿದರೂ 80 ಗ್ರಾಂ ತೂಕದ ಗುಂಡು ಒಂದೇ ಬದಿಗೆ ಜಾರುತ್ತದೆ. ಹಳೆಯ ಯಂತ್ರದ ಫ್ಲಿಪರ್ ಕಾಯಿಲ್‌ನಲ್ಲಿ (ವಿದ್ಯುತ್ ಹರಿದಾಗ ಫ್ಲಿಪರನ್ನು ಎಳೆಯುವ ತಂತಿಯ ಸುರುಳಿ) ಎರಡು ಸುತ್ತುಗಳಿವೆ: ಒದೆಯಲು ದಪ್ಪ ತಂತಿ, ಎತ್ತಿ ಹಿಡಿಯಲು ತೆಳು ತಂತಿ. ಫ್ಲಿಪರ್ ಮೇಲೇರಿ ಮುಗಿದಾಗ ತುದಿಯ ಸ್ವಿಚ್ ತೆರೆದುಕೊಂಡು ದಪ್ಪ ಸುತ್ತಿನ ನೇರ ದಾರಿಯನ್ನು ಕಡಿಯಬೇಕು. ಸ್ವಿಚ್ಚಿನ ಮುಖ ಸುಟ್ಟು ಕಪ್ಪಾಗಿದ್ದರೆ ಹೊಡೆತ ಸೊರಗಿ, ಗುಂಡು ರ‍್ಯಾಂಪ್ ಎಂಬ ಏರುದಾರಿ ಹತ್ತುವುದಿಲ್ಲ. ಸ್ವಿಚ್ ತೆರೆಯದೆ ಹೋದರೆ ಗುಂಡಿ ಒತ್ತಿ ಹಿಡಿದ ಸ್ವಲ್ಪ ಹೊತ್ತಿಗೇ ಕಾಯಿಲ್ ಕಾದು ವಾಸನೆ ಬರುತ್ತದೆ. ಕಾಯಿಲ್ ಬದಲಿಸುವ ಮೊದಲು, ಪ್ಲಗ್ ಕಿತ್ತು, ಆ ಸ್ವಿಚ್ ನೋಡಿ.